ಜೊಂಡಿನ ಹಕ್ಕಿಗೆ ಇಬ್ಬರು ಸಾಕ್ಷಿ

ದೆಹಲಿಯ ದ್ವಾರಕಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕೆಳಗಿನ ಫ್ಲ್ಯಾಟಿನವರು ಆಡಿಟ್ ಇಲಾಖೆಯಿಂದ ನಿವೃತ್ತರಾದ ಮೇಲೆ ಹಕ್ಕಿಗಳ ಹಿಂದೆ ಬಿದ್ದಿದ್ದರು. ಅಲ್ಲಿನ ಪಕ್ಷಿವೀಕ್ಷಕರು ಕಂಡದ್ದನ್ನೆಲ್ಲ ಈಮೇಲ್ ಗುಂಪಿನಲ್ಲಿ ಹಂಚಿಕೊಳ್ಳುತ್ತಿದ್ದ ಕಾಲ ಅದು. ಅಪರೂಪದ ಹಕ್ಕಿ ಕಂಡೆನೆಂದು ಯಾರೇ ಬರೆಯಲಿ, ಇವರು ಮಫ್ಲರಿನ ತುದಿಯಿಂದ ಕನ್ನಡಕ ಒರೆಸುತ್ತಾ, "ಜೊತೆಗೆ ಯಾರಿದ್ರಂತೆ? ಇಬ್ಬರು ನೋಡಿದ್ರೆ ಹಕ್ಕಿ, ಒಬ್ಬರೇ ನೋಡಿದ್ರೆ ಆಸೆ," ಎನ್ನುತ್ತಿದ್ದರು. ಗುಂಪಿಗೂ ಅದನ್ನೇ ಬರೆಯುತ್ತಿದ್ದರು. ಎಷ್ಟೋ ಜನರ ಹಕ್ಕಿಗಳು ಆ ಒಂದು ಸಾಲಿಗೇ ಸತ್ತು ಬಿದ್ದಿದ್ದವು.

ಅವರಿಗೂ ಸಾಕ್ಷಿ ಬೇಕಲ್ಲ! ಭಾನುವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿ, ಮಂಕಿ ಕ್ಯಾಪ್ ತೊಡಿಸಿ, ಬಸಾಯಿಯ ಕೆರೆಗೆ ಎಳೆದೊಯ್ಯುತ್ತಿದ್ದರು.

ಒಂದು ಜನವರಿಯಲ್ಲಿ ಥಟ್ಟನೆ ನನ್ನ ತೋಳು ಹಿಡಿದರು. "ಬಿಟರ್ನ್ ಕಣ್ರೀ! ಕೊಕ್ಕು ಮೇಲೆ ಮಾಡ್ಕೊಂಡು ನಿಂತಿದೆ, ನೋಡಿ!"

ಜೊಂಡಿನ ನಡುವೆ ಜೊಂಡಿನಂತೆಯೇ ನಿಲ್ಲುವ ಆ ಹಕ್ಕಿಗಾಗಿ ಅವರು ವರ್ಷಗಟ್ಟಲೆ ಕಾದಿದ್ದರು. ದುರ್ಬೀನು ಹಿಡಿದು ಎಷ್ಟು ಹುಡುಕಿದರೂ ನನಗೆ ಕಂಡದ್ದು ಜೊಂಡು ಮಾತ್ರ. ಅಷ್ಟರಲ್ಲಿ ಮಂಜು ಮುಸುಕಿತು.

"ನಾನೂ ನೋಡಿದೆ ಅಂತ ಬರೆದುಬಿಡಿ, ಸಾರ್," ಎಂದೆ.

"ಸುಳ್ಳು ಸಾಕ್ಷಿ ಹೇಳ್ತೀರೇನ್ರೀ?" ಎಂದು ಗದರಿದರು.

ಸಂಜೆ ಗುಂಪಿನಲ್ಲಿ ಅವರ ಈಮೇಲ್ ಬಂತು: ಬಸಾಯಿಯಲ್ಲಿ ಬಿಟರ್ನ್, ಸಾಕ್ಷಿಗಳು ಇಬ್ಬರು. ಗಾಬರಿಯಿಂದ ಕೆಳಗೆ ಓಡಿದೆ.

"ಸಾರ್, ನಾನು ನೋಡಲೇ ಇಲ್ವಲ್ಲ!"

"ನಿಮ್ಮನ್ನ ಯಾರು ಲೆಕ್ಕಕ್ಕೆ ತಗೊಂಡ್ರು?" ಅವರು ಕನ್ನಡಕ ಒರೆಸಿದರು. "ನಾನು ಅದನ್ನ ನೋಡಿದೆ, ಅದು ನನ್ನನ್ನ ನೋಡ್ತು. ಇಬ್ಬರಾಯ್ತಲ್ಲ!"