ಕಸೂತಿಯ ಹಿಂಬದಿ

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ, ತೊಗರಿಬೇಳೆ ಕುಕ್ಕರಿಗೆ ಹಾಕಿ, ಮನೆಯವರ ಡಬ್ಬಿ ಕಟ್ಟಿಕೊಟ್ಟ ಮೇಲೆ ಸ್ವೆಟರು ತೆಗೆಯಲು ಟ್ರಂಕಿನ ಮುಚ್ಚಳ ಎತ್ತಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಚಳಿ ಶುರುವಾಯಿತೆಂದರೆ ಬೀದರಿನಲ್ಲಿ ಎಲ್ಲರ ಮನೆಯಲ್ಲೂ ಇದೇ ವಾಸನೆ. ನನಗೆ ಮಾತ್ರ ಅದು ನಮ್ಮ ಹೊಲಿಗೆ ಟೀಚರ ಬೀರುವಿನ ವಾಸನೆ. ಎಂಟನೆಯ ಕ್ಲಾಸಿನಲ್ಲಿ ನನ್ನ ಮೇಜುಬಟ್ಟೆ ಆ ಬೀರುವಿನೊಳಗೆ ಹೋಯಿತು...

ಔರಾದ ಕಡೆಯ ಹಳ್ಳಿಯಿಂದ ಬಂದು ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದೆ. ಕ್ರಿಸ್‌ಮಸ್ಸಿಗೆ ಅವ್ವನಿಗೆ ಕೊಡಲೆಂದು ಮೂರು ತಿಂಗಳು ಕೂತು ಬಟ್ಟೆಯ ಅಂಚಿನ ತುಂಬ ಕುಸುಬೆ ಹೂ ಹಾಕಿದ್ದೆ. ಎಲೆಯ ಮುಳ್ಳನ್ನೂ ಬಿಟ್ಟಿರಲಿಲ್ಲ. ಮುಂಬದಿ ಯಾರಾದರೂ ಚೆಂದ ಮಾಡಿಯಾರು, ಹಿಂಬದಿ ನೋಡಿ ಕೈ ಗುರುತಿಸಬೇಕು, ಒಂದೂ ಗಂಟು ಕಾಣಬಾರದು... ಇದು ಟೀಚರ್ ಕಲಿಸಿದ ಪಾಠ. ನನ್ನದನ್ನು ತಿರುಗಿಸಿ ನೋಡಿ, "ಇಲ್ಲೇ ಇರಲಿ, ಸಿಸ್ಟರಿಗಿ ತೋರಿಸ್ತೇನಿ" ಎಂದು ತೆಗೆದಿಟ್ಟರು.

ಆ ಡಿಸೆಂಬರಿನಲ್ಲೇ ಟೀಚರ್ ನಮ್ಮನ್ನು ಹೈದರಾಬಾದಿನ ಬೀದಿ ಮೇಳಕ್ಕೆ ಕರೆದೊಯ್ದರು. ಅಲ್ಲಿ ಪ್ರತಿ ವರ್ಷ ಅವರದೊಂದು ಕಸೂತಿ ಅಂಗಡಿ. ರಸ್ತೆಯುದ್ದಕ್ಕೂ ಬಣ್ಣದ ದೀಪ, ಅರಗಿನ ಬಳೆಯ ರಾಶಿ, ಅಷ್ಟು ಜನರನ್ನು ನಾನು ಕಂಡೇ ಇರಲಿಲ್ಲ. ಬೊಂಬಾಯಿ ಮಿಠಾಯಿ ಹಿಡಿದು ಕುಣಿಯುತ್ತ ಅಂಗಡಿಗೆ ಬಂದರೆ, ಒಬ್ಬ ಹೆಂಗಸಿನ ಕೈಯಲ್ಲಿ ನನ್ನ ಕುಸುಬೆ ಹೂ!

"ಪೀಛೇ ಭೀ ಕಿತ್ತಾ ಸಾಫ್ ಹೈ! ಆಪಿಚ್ ಬನಾಯೆ?" ಹಿಂಬದಿಯೂ ಎಷ್ಟು ನೀಟಾಗಿದೆ, ನೀವೇ ಹಾಕಿದ್ದಾ ಎಂದು ಅವಳು ಕೇಳುತ್ತಿದ್ದಳು.

"ಹೌ, ಮೈಂಚ್" ಎಂದರು ಟೀಚರ್, ತಾವೇ ಹಾಕಿದ್ದೆಂದು. ಆಮೇಲೆ ನನ್ನತ್ತ ತಿರುಗಿ, "ಮಿಠಾಯಿ ಬಟ್ಟಿಗಿ ಹತ್ತೀತು, ಹಿಂದ ಸರಿ" ಎಂದರು.

ನಾನು ಹಿಂದೆ ಸರಿದೆ. ನನ್ನ ಬಟ್ಟೆ ಹಳೆಯ ಪೇಪರಿನಲ್ಲಿ ಸುತ್ತಿಸಿಕೊಂಡು ಹೋಯಿತು.

ರಜೆಗೆ ಬರಿಗೈಲಿ ಹೋದೆ. "ಮೂರು ತಿಂಗಳು ಹಾಕೀನಂತಿ, ಎಲ್ಲದ? ಸುಳ್ಳು ಹೇಳೂದೂ ಕಲಿಸ್ತಾರೇನು ನಿಮ್ಮ ಸಾಲ್ಯಾಗ?" ಎಂದಳು ಅವ್ವ. ಮುಂದಿನ ಕ್ರಿಸ್‌ಮಸ್ಸಿಗೆ ಅವಳಿರಲಿಲ್ಲ. ಮಗಳು ಸುಳ್ಳಿ ಎಂದೇ ತಿಳಿದು ಹೋದಳು.

ಕಾನ್ವೆಂಟಿನಲ್ಲಿ ಕಲಿತವಳು, ದನಿ ಎತ್ತಿ ಜಗಳವಾಡಲು ನನಗೆ ಬರುವುದಿಲ್ಲ. ಬಟ್ಟೆ ತಿರುಗಿಸಲು ಬರುತ್ತಿತ್ತು. ಮದುವೆಯಾದ ವರ್ಷದಿಂದ ಪ್ರತಿ ಡಿಸೆಂಬರಿಗೆ ಮನೆಯವರೊಡನೆ ರೈಲು ಹತ್ತಿದೆ. ಮೇಳದಲ್ಲಿ ಮಿರ್ಚಿ ಭಜಿ ತಿಂದು, ಬಳೆ ತೊಟ್ಟು, ಊಟದ ಕೊನೆಗೆ ಹೋಳಿಗೆ ಉಳಿಸಿಕೊಂಡಂತೆ ಆ ಅಂಗಡಿಯನ್ನು ಕೊನೆಗಿಟ್ಟುಕೊಳ್ಳುತ್ತಿದ್ದೆ. "ಗುಡ್ ಈವ್ನಿಂಗ್ ಟೀಚರ್" ಎಂದು, ಗಿರಾಕಿಗಳ ಎದುರೇ ಒಂದೊಂದನ್ನೂ ತಿರುಗಿಸಿ ಬಲ್ಬಿನ ಕೆಳಗೆ ಹರಡುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಗಂಟುಗಳು ಹೆಚ್ಚಿದವು, ದಾರ ಜೋತುಬಿದ್ದವು. ಕೊಳ್ಳಲು ಎತ್ತಿಕೊಂಡವರು ಮೆಲ್ಲಗೆ ಕೆಳಗಿಡುತ್ತಿದ್ದರು. ನಾನು ನಾಲ್ಕು ಮಡಿಕೆ ಸರಿಯಾಗಿ ಮಡಚಿಟ್ಟು, ಥ್ಯಾಂಕ್ಯೂ ಹೇಳಿ ಬರುತ್ತಿದ್ದೆ.

"ಕೊಳ್ಳೂದಿಲ್ಲಂದ್ರ ಯಾಕ ಮುಟ್ತಿ?" ಎಂದು ಮನೆಯವರು ಗೊಣಗುತ್ತಿದ್ದರು. ಮರಳುವ ರೈಲಿನಲ್ಲಿ ಶೇಂಗಾ ಸುಲಿಯುತ್ತ ನನಗೆ ತಡೆಯದ ನಗು.

ಟೀಚರ್ ಮಾತ್ರ ಕನ್ನಡಕ ಸರಿಪಡಿಸಿಕೊಂಡು, "ಬಂದೇನವ್ವಾ? ನೋಡು, ನೋಡು" ಎನ್ನುತ್ತಿದ್ದರು. ಒಂದು ದಿನ ತಪ್ಪಾಯಿತು ಎಂದಾರು, ಇಲ್ಲ ಸಿಟ್ಟಿಗಾದರೂ ಎದ್ದಾರು ಎಂದು ಕಾದೆ. ಎರಡೂ ಆಗಲಿಲ್ಲ...

ಕಳೆದ ಮಳೆಗಾಲದಲ್ಲಿ ಟೀಚರ್ ಭಾಲ್ಕಿಯಲ್ಲಿ ತೀರಿಕೊಂಡರೆಂದು ಚರ್ಚಿನಲ್ಲಿ ತಿಳಿಯಿತು. ನಾನು ಅಳಲಿಲ್ಲ. ಕ್ಷಮಿಸಲೂ ಇಲ್ಲ, ಇವತ್ತಿಗೂ. ಆದರೆ ಈ ಡಿಸೆಂಬರಿಗೆ ಆ ಬೀದಿಯಲ್ಲಿ ಬಳೆ ಇರುತ್ತವೆ, ಭಜಿ ಇರುತ್ತದೆ, ತಿರುಗಿಸಲು ಏನೂ ಇರುವುದಿಲ್ಲ. ಟ್ರಂಕಿನ ಮುಂದೆ ಕೂತು ಕೈ ಬರಿದಾದಂತೆ ಅನಿಸಿತು.

ಸಂಜೆ ಪಕ್ಕದ ಮನೆಯ ನರ್ಸಬಾಯಿ ಹೆಪ್ಪು ಕೇಳಲು ಬಂದರು. ದಸರೆಯಲ್ಲಷ್ಟೇ ಭಾಲ್ಕಿಯಿಂದ ಬೀದರಿನ ನಮ್ಮ ನೌಬಾದ ಬಡಾವಣೆಗೆ ಬಂದವರು. ನಾನು ಯಾರ ಶಿಷ್ಯೆಯೆಂದು ಅವರಿಗೆ ಗೊತ್ತಿಲ್ಲ. ಹಗ್ಗದ ಮೇಲಿನ ಸ್ವೆಟರು ಮೂಸಿ ನಕ್ಕರು.

"ಅಯ್ಯ, ನಮ್ಮ ಭಾಲ್ಕಿ ಹೊಲಿಗಿ ಟೀಚರ್ ಮನ್ಯಾಗೂ ಇದೇ ವಾಸನಿ ನೋಡ್ ತಂಗಿ. ಕೊನಿಗಿ ನಾನೇ ಇಂಜೆಕ್ಷನ್ ಮಾಡ್ತಿದ್ದೆ. ಒಂದೇ ಮಾತು ಅವರದು. ಇಷ್ಟು ಹುಡುಗ್ಯಾರಿಗಿ ಕಲಿಸಿದೆ, ಒಬ್ಬಾಕಿ ಮಾತ್ರ ವರ್ಷಾ ತಪ್ಪದ ಮೇಳಕ್ಕ ಬರ್ತಾಳ, ಹಿಂಬದಿ ನೋಡೂದು ಮರತಿಲ್ಲ, ಆಕಿ ಬರ್ತಾಳಂತ್ಲೇ ಅಂಗಡಿ ಹಾಕ್ತೇನಿ ಅಂತಿದ್ದರು. ಯಾರೇನೋ, ಟೀಚರ್ ಮ್ಯಾಲ ಭಾಳ ಪ್ರೀತಿ, ಮಾಯಾ ಇದ್ದಾಕಿ ಇರಬೇಕು... ಸಾಕ್ ಸಾಕ್, ಹೆಪ್ಪ ಇಷ್ಟ ಸಾಕು."