ಬಗ್ಗುವ ಸೊಂಟ ಯಾರದು?

ಗುಡ್ಡಮ್ಮನ ಬಾಯಿಗೆ ಹೆದರದವರು ನಮ್ಮೂರಲ್ಲಿ ಇಲ್ಲ. ಹೆದರಲಿ ಬಿಡಿ, ಅದರಲ್ಲೇನು ತಪ್ಪು? ಉಳವಿಯ ಆಸುಪಾಸಿನ ಗದ್ದೆಗಳಲ್ಲಿ ನಾಟಿ ಮಾಡುವ ನಮ್ಮ ಹೆಂಗಸರ ಗುಂಪಿಗೆ ಅವಳೇ ಯಜಮಾನತಿ. ನಾನೂ ಅದೇ ಸಾಲಿನವಳು, ಅವಳ ಬೈಗುಳ ತಿಂದೇ ಕೆಲಸ ಕಲಿತವಳು.

ನಮ್ಮಲ್ಲೊಂದು ಕಟ್ಟುಪಾಡಿದೆ. ನಾಟಿಯ ಸಾಲಿನಲ್ಲಿ ನಿಧಾನದವಳನ್ನು ನಡುವೆ ನಿಲ್ಲಿಸುತ್ತೇವೆ. ಎಡಬಲದವರು ತಮ್ಮ ಪಾಲಿನ ಜೊತೆಗೆ ಅವಳ ಪಾಲಿಗೂ ನಾಲ್ಕು ಸಸಿ ಊರುತ್ತಾರೆ. ಅವಳು ಹಿಂದಕ್ಕೆ ಹೆಜ್ಜೆ ಇಡುವ ತನಕ ಯಾರೂ ಇಡುವ ಹಾಗಿಲ್ಲ. ಕೂಲಿ ಎಲ್ಲರಿಗೂ ಸಮ. ಈಗ ಆ ಜಾಗ ಬಸವಣ್ಣೆಮ್ಮನದು. ವಯಸ್ಸು ಎಪ್ಪತ್ತರ ಹತ್ತಿರ, ಆದರೂ ದುಡಿದೇ ಉಣ್ಣುತ್ತೇನೆಂಬ ಹಟ. ಮೆಲುದನಿಯ ಜೀವ, ಯಾರಿಗೂ ಎದುರಾಡಿದವಳಲ್ಲ.

ಹೋದ ವರ್ಷದ ನಾಟಿಯಲ್ಲಿ ಪರಮಶಿವಪ್ಪನವರ ಗದ್ದೆಗೆ ಶಿಕಾರಿಪುರದಿಂದ ಮಲ್ಲಿಕಾರ್ಜುನ್ ಎಂಬ ಕಂಪನಿಯವನು ಬಂದ. ಸೊಂಟಕ್ಕೂ ತೊಡೆಗೂ ಬಿಗಿಯುವ ಬ್ಯಾಟರಿ ಪಟ್ಟಿಗಳನ್ನು ತಂದಿದ್ದ. ಬಗ್ಗಿದರೆ ಅದೇ ಭಾರ ಹೊರುತ್ತದೆ, ಏಳುವಾಗ ಅದೇ ಎತ್ತುತ್ತದೆ. ಗುಡ್ಡಮ್ಮನೇ ಮೊದಲು ಕಟ್ಟಿಕೊಂಡಳು. ಮಲಗಿದರೆ ಮಗ್ಗುಲು ಬದಲಿಸಲಾಗದಷ್ಟು ಸೊಂಟನೋವು ಅವಳಿಗೆ.

"ಅಯ್ಯಯ್ಯೋ, ನಂಗೆ ಸೊಂಟಾನೇ ಇಲ್ವೇನೋ ಅನ್ಸ್ತೈತಲ್ಲೇ!" ಎಂದು ಗದ್ದೆಯಲ್ಲೇ ಕೇಕೆ ಹಾಕಿದಳು. ನಾನೂ ಕಟ್ಟಿಕೊಂಡೆ. ಸುಳ್ಳು ಯಾಕೆ ಹೇಳಲಿ, ಸುಖವಾಗಿತ್ತು.

ಮಧ್ಯಾಹ್ನ ತಲೆ ಎತ್ತಿ ನೋಡಿದರೆ ನಾವೆಲ್ಲ ಅರ್ಧ ಗದ್ದೆ ದಾಟಿದ್ದೇವೆ, ಬಸವಣ್ಣೆಮ್ಮ ಒಬ್ಬಳೇ ಆ ತುದಿಯಲ್ಲಿ. ಅರವತ್ತು ದಾಟಿದವರಿಗೆ ಪಟ್ಟಿ ಕೊಡುವಂತಿಲ್ಲವಂತೆ, ಅದು ಕಂಪನಿಯ ಕಾನೂನು. ಬದುವಿನ ಮೇಲೆ ಪರಮಶಿವಪ್ಪನವರು ಮೊಬೈಲ್ ನೋಡಿಕೊಂಡು ಹಿಗ್ಗುತ್ತಿದ್ದರು. ಯಾರು ಎಷ್ಟು ಬಗ್ಗಿದರು, ಎಷ್ಟು ಹೊತ್ತು ಸುಮ್ಮನೆ ನಿಂತರು, ಎಲ್ಲವೂ ಪಟ್ಟಿಗಳಿಂದ ಅದಕ್ಕೆ ಬಂದು ಕಾಣುತ್ತಿತ್ತು.

"ಇನ್ಮೇಲೆ ಈ ವೇಗಕ್ಕೆ ಬರೋರು ಮಾತ್ರ ಬನ್ನಿ," ಎಂದರು.

ಬಸವಣ್ಣೆಮ್ಮ ಕೈ ತೊಳೆದುಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ಹೋದಳು. ಗುಡ್ಡಮ್ಮ ಪಟ್ಟಿ ಬಿಚ್ಚಿ ಬದುವಿನ ಮೇಲೆ ಎಸೆದಳು.

ಅದೇ ವಾರ ಗ್ರಾಮಸಭೆ. ಊರಿನ ನಾಟಿಯೆಲ್ಲ ಇನ್ನು ಪಟ್ಟಿ ಕಟ್ಟಿದವರಿಂದಲೇ ಆಗಬೇಕೆಂದು ಪರಮಶಿವಪ್ಪನವರು ಮಾತೆತ್ತಿದರು. ಗದ್ದೆಯ ಒಡೆಯರು ಒಬ್ಬೊಬ್ಬರಾಗಿ ಕೈ ಎತ್ತತೊಡಗಿದರು.

"ತಡೀರಿ!" ಗುಡ್ಡಮ್ಮ ಎದ್ದಳು. "ಬಗ್ಗೋ ಸೊಂಟ ನಮ್ದು, ಕೈ ಎತ್ತೋರು ನೀವಾ? ಯಾವೂರ ನ್ಯಾಯ ಇದು?"

"ಅಮ್ಮಾರ, ಇದು ನಿಮ್ಮ ಒಳ್ಳೇದಕ್ಕ ರೀ," ಎಂದ ಮಲ್ಲಿಕಾರ್ಜುನ್. "ಸೊಂಟಕ್ಕ ಆರಾಮ ಆಗ್ಲಿಲ್ಲೇನ್ರಿ?"

"ಆತಪ್ಪ. ಇಲ್ಲ ಅಂದ್ರೆ ನನ್ನ ನಾಲಿಗೆ ಬಿದ್ದೋಗ್ಲಿ. ನೋವು ಹೋಗ್ಲಿ ಅಂತ ಕಟ್ಕಂಡೆ, ನನ್ನ ಎತ್ತಿನಂಗೆ ಓಡ್ಸಿ ಅಂತಲ್ಲ. ಕಟ್ಟೋದು ಬಿಡೋದು ನಮ್ಮಿಷ್ಟ. ನನ್ನ ಸೊಂಟದ ಸುದ್ದಿ ಇನ್ನೊಬ್ರ ಮೊಬೈಲಿಗೆ ಹೋಗಂಗಿಲ್ಲ. ಸಾಲಿಂದ ಒಬ್ಬಳನ್ನೂ ತೆಗೆಯಂಗಿಲ್ಲ. ಇಷ್ಟಕ್ಕೆ ಹೂಂ ಅನ್ನಿ, ನಾನೇ ಮೊದ್ಲು ಕಟ್ಕಂತೀನಿ."

ಮಲ್ಲಿಕಾರ್ಜುನ್ ತಲೆ ಕೆರೆದ. "ಮೊಬೈಲಿನಾಗ ವೇಗ ಕಾಣದಿದ್ರ ಕಂಪನಿಯೋರು ಒಪ್ಪಂಗಿಲ್ರಿ."

"ಹಂಗಾದ್ರೆ ಹೊತ್ಕಂಡು ಹೋಗು."

ಪರಮಶಿವಪ್ಪನವರು ಕೆರಳಿದರು. "ಆನವಟ್ಟಿ ಕಡೆಯಿಂದ ಆಳು ತರ್ಸ್ತೀನಿ!"

"ತರ್ಸಿ. ಅವ್ರಿಗೂ ಸೊಂಟ ಐತೆ."

ಸಭೆಗೆ ಸಭೆಯೇ ನಕ್ಕಿತು. ನಾಟಿಯ ಹೆಂಗಸರನ್ನೂ ಕೇಳಿ ಎಂದು ಹಿಂದಿನಿಂದ ಯಾರೋ ಕೂಗಿದರು. ಕೇಳಲೇಬೇಕಾಯಿತು. ಬೇಡವೆಂದು ಎತ್ತಿದ ಕೈಗಳೇ ಹೆಚ್ಚಾದವು. ಮೂಲೆಯಲ್ಲಿದ್ದ ಬಸವಣ್ಣೆಮ್ಮ ಎರಡೂ ಕೈ ಎತ್ತಿದ್ದಳು. ಅಜ್ಜಿ, ಒಂದು ಸಾಕು ಎಂದು ನಾನೇ ಇನ್ನೊಂದನ್ನು ಇಳಿಸಿದೆ.

ಪಟ್ಟಿಗಳು ಶಿಕಾರಿಪುರಕ್ಕೆ ವಾಪಸಾದವು. ಸಸಿ ಬಲಿಯುತ್ತಿತ್ತು, ನಾಟಿ ಇನ್ನು ತಡವಾಗುವಂತಿರಲಿಲ್ಲ, ಆನವಟ್ಟಿಯಿಂದ ಯಾರೂ ಸಿಗಲಿಲ್ಲ. ಪರಮಶಿವಪ್ಪನವರೇ ಬಂದು ನಮ್ಮನ್ನು ಕರೆದರು, ಇಡೀ ಸಾಲನ್ನು.

ಅವತ್ತು ಹೊತ್ತು ಏರುವಷ್ಟರಲ್ಲಿ ಗುಡ್ಡಮ್ಮನ ಸೊಂಟ ಹಿಡಿದುಕೊಂಡಿತು. ಬಗ್ಗಿದವಳು ಬಗ್ಗಿದಂತೆಯೇ ಉಳಿದಳು, ಕಣ್ಣಲ್ಲಿ ನೀರು. "ನೀವು ನಡೀರೇ," ಎಂದು ನಮ್ಮ ಮೇಲೆ ರೇಗಿದಳು. ಯಾರೂ ಕದಲಲಿಲ್ಲ. ಪಕ್ಕದಲ್ಲಿದ್ದ ಬಸವಣ್ಣೆಮ್ಮ ಗುಡ್ಡಮ್ಮನ ಪಾಲಿನ ಸಸಿಗಳನ್ನು ಒಂದೊಂದಾಗಿ ಊರತೊಡಗಿದಳು.

"ಯಾಕ್ರೇ ನಿಂತ್ರಿ?" ಬದುವಿನಿಂದ ಪರಮಶಿವಪ್ಪನವರು ಕೂಗಿದರು.

ಬಸವಣ್ಣೆಮ್ಮನಿಗೆ ಅಷ್ಟು ದೊಡ್ಡ ಗಂಟಲಿದೆಯೆಂದು ನಮಗೆ ಗೊತ್ತೇ ಇರಲಿಲ್ಲ.

"ನಮ್ಮ ಗುಡ್ಡಿ ಇನ್ನೂ ಹೆಜ್ಜೆ ಇಟ್ಟಿಲ್ಲ. ಕಾಯ್ರೀ!"