ಮಂಗಳನ ತುಕ್ಕು

ಮುಶಿಗೇರಿಯ ಕಮ್ಮಾರ ಹನಮಪ್ಪನ ಮಗಳು ದೇವಿಕಾ ಹಟಕ್ಕೆ ಬಿದ್ದರೆ ಬಿದ್ದಳೇ. ಶಿಲ್ಪಕಲೆ ಕಲಿತು ಬಂದವಳು ದೇವರ ಮೂರ್ತಿ ಮಾಡಿಕೊಂಡಿದ್ದರೆ ಊರಲ್ಲಿ ಯಾರೂ ಸೊಲ್ಲೆತ್ತುತ್ತಿರಲಿಲ್ಲ. ಇವಳೋ ಮುರಿದ ಕೂರಿಗೆ, ಸವೆದ ಕುಂಟೆ, ತೂತುಬಿದ್ದ ಟಿವಿ ಡಿಶ್ ಎಲ್ಲ ಬೆಸೆದು ಆರು ಕಾಲಿನ ಗಾಡಿಯೊಂದನ್ನು ನಿಲ್ಲಿಸಿದಳು. ಮಂಗಳ ಗ್ರಹಕ್ಕೆ ಹೋಗಿ ಸಾವಿರ ವರ್ಷ ಅಲ್ಲೇ ಕೆಟ್ಟು ನಿಂತ ಗಾಡಿಯಂತೆ ಅದು! ಆ ಸಾವಿರ ವರ್ಷ ಕಣ್ಣಿಗೆ ಕಾಣಲೆಂದು ಎರಡು ತಿಂಗಳು ದಿನಾ ಉಪ್ಪುನೀರು ಚಿಮುಕಿಸಿ, ಕೂಸು ಸಾಕಿದ ಹಾಗೆ ಕೆಂಪು ತುಕ್ಕು ಬೆಳೆಸಿದ್ದಳು.

ಹುಬ್ಬಳ್ಳಿಯ ಶಿಲ್ಪ ಪ್ರದರ್ಶನದವರು ಎರಡು ಸಲ ಅವಳನ್ನು ಬೇಡವೆಂದಿದ್ದರು. ಈ ಸಲ ಫೋಟೊ ನೋಡಿ ಒಪ್ಪಿದ್ದರು. ನಾಡಿದ್ದು ಮುಟ್ಟಿಸಬೇಕು, ಫೋಟೊದಲ್ಲಿದ್ದಂತೆಯೇ ಇರಬೇಕು. ದೇವಿಕಾ ಟೆಂಪೊ ಗೊತ್ತುಮಾಡಲು ಗಜೇಂದ್ರಗಡಕ್ಕೆ ಹೋಗಿ ಸಂಜೆ ಬಂದು ನೋಡಿದರೆ, ಗಾಡಿ ಕರ್ರಗೆ ಮಿರಿಮಿರಿ ಮಿಂಚುತ್ತಿತ್ತು. ಪಕ್ಕದಲ್ಲಿ ತಂತಿಬ್ರಶ್ ಹಿಡಿದ ಹನಮಪ್ಪ ನಗುತ್ತಿದ್ದ.

"ನೋಡವ್ವಾ, ಭಾಳ ಜಂಗ ಹಿಡಿದಿತ್ತು. ಹಂಗಽ ಕಳಿಸಿದ್ರ ಮಂದಿ ನನಗ ಉಗುಳ್ತಾರ. ತಿಕ್ಕಿ ಎಣ್ಣಿ ಹಚ್ಚೇನಿ."

ಸುಗ್ಗಿ ಮುಗಿದ ಮೇಲೆ ಊರಿನ ಕುಂಟೆ, ನೇಗಿಲ ಕುಡಗಳಿಗೆಲ್ಲ ಟ್ರ್ಯಾಕ್ಟರಿನ ಹಳೇ ಎಣ್ಣೆ ಬಳಿದಿಡುವ ಕೈ ಅದು. ದೇವಿಕಾ ಅವನ ಕೈಯಿಂದ ಬ್ರಶ್ ಕಿತ್ತುಕೊಂಡಳು.

"ಯಪ್ಪಾ, ಎರಡ ತಿಂಗಳ ಬೆಳಿಸಿದ್ದೆ ಅದನ್ನ! ಜಂಗಽ ನನ್ನ ಕೆಲಸ ಆಗಿತ್ತು."

ಹನಮಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆದಮೇಲೆ ಮುಖ ಸಣ್ಣದಾಯಿತು. ಅದನ್ನು ಕಂಡು ದೇವಿಕಾ ಬಾಯಿಗೆ ಬಂದ ಬೈಗುಳ ತಡೆದುಕೊಂಡಳು.

ಮರುದಿನ ನಸುಕಿನಲ್ಲೇ ಗ್ಯಾಸಿನ ಬೆಂಕಿ ಹಚ್ಚಿ ಎಣ್ಣೆಯನ್ನು ಇಂಚಿಂಚಾಗಿ ಸುಟ್ಟಳು. ಆರಿದ ಕಬ್ಬಿಣಕ್ಕೆ ಹುಣಸೆಹುಳಿ, ಉಪ್ಪು ಕಲಸಿದ ನೀರು ಬಳಿದಳು. ಮಧ್ಯಾಹ್ನದ ಹೊತ್ತಿಗೆ ಬಂದದ್ದು ಅಲ್ಲೊಂದು ಇಲ್ಲೊಂದು ತುಕ್ಕಿನ ಕಲೆ. ಮತ್ತೆ ಬಳಿದಳು, ಮತ್ತೆ ಬಳಿದಳು. ಉಪ್ಪಿಗೆ ಅಂಗೈ ಉರಿಯುತ್ತಿದ್ದರೂ ಬಿಡಲಿಲ್ಲ.

ದೂರ ಕೂತಿದ್ದ ಹನಮಪ್ಪ ಎದ್ದು ಬಂದ. "ಹಂಗ ಹತ್ತಂಗಿಲ್ಲ ಅದು. ನನಗ ಕೇಳು. ನಲವತ್ತ ವರ್ಷ ಅದರ ಕೂಡ ಜಗಳಾಡೇನಿ."

ಹಸಿ ಗೋಣಿಚೀಲದಲ್ಲಿ ಕುಡ ಸುತ್ತಿಟ್ಟ ರೈತರನ್ನು ತುಕ್ಕು ಹಿಡಿಸುತ್ತೀರೆಂದು ಜನ್ಮವಿಡೀ ಬೈದವನು, ತಾನೇ ಉಪ್ಪುನೀರಿನಲ್ಲಿ ಚೀಲ ನೆನೆಸಿ ಆರೂ ಕಾಲಿಗೆ, ಮೈಗೆಲ್ಲ ಬಿಗಿದು ಸುತ್ತಿದ.

ಬೆಳಿಗ್ಗೆ ಚೀಲ ಬಿಚ್ಚಿದರೆ ಗಾಡಿ ಕೆಂಪಗಾಗಿತ್ತು, ಮೊದಲಿಗಿಂತ ಚಂದ. ದೇವಿಕಾ ಅತ್ತೇಬಿಟ್ಟಳು. ಟೆಂಪೊ ಬಂತು. ಓಣಿಯವರೆಲ್ಲ ಎತ್ತಲು ಕೈಹಾಕಿದರು, ಹನಮಪ್ಪ ಮಾತ್ರ ಗೋಡೆಗೆ ಒರಗಿ ನಿಂತ.

"ನಾ ಒಲ್ಲೆವ್ವಾ. ಮುಟ್ಟಿದ್ರ ಮತ್ತ ಕೆಟ್ಟೀತು."

"ನೀನಽ ಮಾಡಿದ್ದು ಯಪ್ಪಾ, ಬಾ. ಹುಬ್ಬಳ್ಳ್ಯಾಗ ಬೋರ್ಡಿನ ಮ್ಯಾಲ ಇಬ್ಬರ ಹೆಸರೂ ಬರಸ್ತೀನಿ."